ವಜ್ರಶೇಖರ ಬಾಗಲಿಲ್ಲ, ಹುಲಿಗೆಪ್ಪಗೌಡ ನಂಬಲಿಲ್ಲ

ಅಂಕಲಿಯಲ್ಲಿ ವಿರುಪಾಕ್ಷಪ್ಪ ಸತ್ತಷ್ಟು ಸಲ ಇನ್ನಾರೂ ಸತ್ತಿಲ್ಲ. ಕಬ್ಬು ಕಾರ್ಖಾನೆಗೆ ಸಾಗಿ ಕೈ ಸ್ವಲ್ಪ ಬಿಡುವಾದಾಗ ಊರಿನ ನಾಟ್ಯ ಸಂಘದವರು ವರ್ಷಕ್ಕೊಮ್ಮೆ ‘ಮುಕುಟ ಇಳಿಸದ ಮಹಾರಾಜ’ ಆಡುತ್ತಾರೆ. ಅದರಲ್ಲಿ ರಾಜಾ ವಜ್ರಶೇಖರನ ಪಾರ್ಟು ಇವನದು. ಬೇರೆಯವರಿಗೆ ಕೊಟ್ಟಿಲ್ಲ, ಕೇಳುವ ಧೈರ್ಯವನ್ನೂ ಯಾರೂ ಮಾಡಿಲ್ಲ. ಶತ್ರುರಾಜ ಬಂದು, “ನನ್ನ ಆಸ್ಥಾನದಲ್ಲಿ ಒಮ್ಮೆ ತಲೆ ಬಾಗಿಸು, ನಿನ್ನ ಊರು, ಹೆಂಡತಿ, ಮಕ್ಕಳು ಎಲ್ಲ ವಾಪಸ್” ಎನ್ನುತ್ತಾನೆ. ವಜ್ರಶೇಖರ ಎದೆ ಉಬ್ಬಿಸಿ, “ಈ ತಲೆ ಉರುಳೀತು, ಬಾಗದು” ಎನ್ನುತ್ತಾನೆ. ಊರು ಸುಡುತ್ತದೆ, ಹೆಂಡತಿ ಮಕ್ಕಳು ಬೂದಿಯಾಗುತ್ತಾರೆ, ಕೊನೆಗೆ ಬಾಣ ತಿಂದು ಇವನೂ ಸಾಯುತ್ತಾನೆ. ಸಾಯಲು ಇವನು ತೆಗೆದುಕೊಳ್ಳುವ ಹೊತ್ತಿನಲ್ಲಿ ಒಂದು ಮಡಿ ಕಬ್ಬಿಗೆ ನೀರು ಹಾಯಿಸಿ ಬರಬಹುದು. ಬಾಣ ನಾಟಿದ ಮೇಲೆ ಹಾಡುಂಟು, ಹಾಡಾದ ಮೇಲೆ ತಾಯಿನೆಲಕ್ಕೆ ಭಾಷಣವುಂಟು, ಭಾಷಣ ಮುಗಿದು ಜನ ಚಾಪೆ ಸುತ್ತಿಕೊಂಡು ಎದ್ದ ಮೇಲೆ ಮತ್ತೊಂದು ಹಾಡುಂಟು.

ವಜ್ರಶೇಖರನ ಸ್ವಭಾವವೆಲ್ಲ ತನಗೂ ಇಳಿದುಬಂದಿದೆ ಎಂದು ವಿರುಪಾಕ್ಷಪ್ಪನಿಗೆ ಹೆಮ್ಮೆ. ಹೆಂಡತಿ ರುಕ್ಮವ್ವನ ಅಭಿಪ್ರಾಯವೂ ಅದೇ, ಹೆಮ್ಮೆ ಮಾತ್ರ ಇಲ್ಲ.

ಅತ್ತ ಚಿಂಚಲಿಯಲ್ಲಿ ಅವನ ಅಕ್ಕನ ಗಂಡ ಬಾಳಾಸಾಬ. ಅವನದೂ ಹೊಲ ಮನೆ ಎಮ್ಮೆಗಳ ಒಳ್ಳೆಯ ಸಂಸಾರ, ಅವನೂ ವರ್ಷಕ್ಕೊಮ್ಮೆ ಸಾಯುವವನೇ. ಅವನ ನಾಟಕ ‘ಹುಲಿಗೆಪ್ಪಗೌಡನ ಹಾಳು ಹಟ್ಟಿ’. ಗುಮಾಸ್ತನೊಬ್ಬ ಬಂದು ಕಿವಿಯಲ್ಲಿ ಏನೋ ಉಸುರುತ್ತಾನೆ. ಗೌಡ ಚಿನ್ನದಂಥ ಹೆಂಡತಿಯನ್ನು ಅನುಮಾನಿಸಿ, ಹೊಳೆ ತುಂಬಿ ಬಂದ ದಿನ ಮನೆಯಿಂದ ಹೊರಗೆ ನೂಕುತ್ತಾನೆ. ಅವಳು ಹೊಳೆಯ ಪಾಲಾಗುತ್ತಾಳೆ. ನಿಜ ತಿಳಿದ ಮೇಲೆ ಗೌಡನೂ ಅದೇ ಹೊಳೆಗೆ ಹಾರುತ್ತಾನೆ. ಹೊಳೆಯೆಂದರೆ ಇಬ್ಬರು ಎರಡು ಕಡೆ ಹಿಡಿದು ಅಲ್ಲಾಡಿಸುವ ನೀಲಿ ಪತ್ತಲದ ಸೀರೆ. ಅದರೊಳಗೆ ಬಾಳಾಸಾಬ ಮುಳುಗುತ್ತ ಏಳುತ್ತ ಮಾತಾಡುವ ಮಾತು ಈಜು ಬಲ್ಲವನಿಗೂ ಸಾಧ್ಯವಿಲ್ಲ.

ಬಾಳಾಸಾಬನಿಗೂ ಪಾರ್ಟು ಮೈಗೆ ಹತ್ತಿತ್ತು. ಎಮ್ಮೆ ಒಂದು ಲೀಟರು ಕಡಿಮೆ ಹಿಂಡಿದರೆ ಎಮ್ಮೆಯನ್ನೇ ಅನುಮಾನಿಸುವ ಗಿರಾಕಿ. ಯಾರಾದರೂ ನಗುನಗುತ್ತ ನಮಸ್ಕಾರ ಅಂದರೆ, ಮನೆಗೆ ಬಂದು ಹೆಂಡತಿ ಗಂಗವ್ವನನ್ನು ಕೇಳುತ್ತಿದ್ದ: “ಅವಾ ಯಾಕ ನಕ್ಕಾ?”

ಅಕ್ಕನ ಗಂಡ ನಮ್ಮ ಕಡೆ ಮಾವ, ಹೆಂಡತಿಯ ತಮ್ಮ ಅಳಿಯ. ಇಂಥ ಇಬ್ಬರು ಮಾವ-ಅಳಿಯ ಅಷ್ಟು ವರ್ಷ ಚೆನ್ನಾಗಿದ್ದದ್ದೇ ದೊಡ್ಡ ಮಾತು. ಕೆಟ್ಟದ್ದು ಒಂದು ಆಯೇರದ ಕಾರಣಕ್ಕೆ.

ಆಯೇರವೆಂದರೆ ಗೊತ್ತಲ್ಲ. ನಾಟಕ ರಂಗೇರಿದಾಗ ಹಾರ್ಮೋನಿಯಂ ಪೇಟಿ ನಿಲ್ಲುತ್ತದೆ, ಮೈಕಿನಲ್ಲಿ ಹೆಸರು ಕೂಗುತ್ತಾರೆ, ಪಾತ್ರಧಾರಿಯ ನಂಟರು ಸ್ಟೇಜು ಹತ್ತಿ ಅವನ ತಲೆಗೆ ಪಟಗಾ ಸುತ್ತುತ್ತಾರೆ, ಉಂಗುರ ತೊಡಿಸುತ್ತಾರೆ. ಅವನು ರಾಜನಾಗಿರಲಿ ರಾಕ್ಷಸನಾಗಿರಲಿ, ತಲೆ ಬಾಗಿ ಸುತ್ತಿಸಿಕೊಂಡು, ಜನಕ್ಕೆ ಕೈ ಮುಗಿದು, ಮತ್ತೆ ಕತ್ತಿ ಹಿಡಿಯಬೇಕು. ಸತ್ತು ಬಿದ್ದಿದ್ದರೂ ಎದ್ದು ಆಯೇರ ತೆಗೆದುಕೊಂಡು ಪುನಃ ಸಾಯಬೇಕು. ಹೆಣ ಎದ್ದು ಕೈ ಮುಗಿಯುವುದಕ್ಕೆ ನಮ್ಮ ಕಡೆಯ ಪ್ರೇಕ್ಷಕರ ತಕರಾರಿಲ್ಲ. ನಂಟಸ್ತಿಕೆ ದೊಡ್ಡದು, ಸಾವು ಅಂಥ ಅವಸರದ್ದೇನಲ್ಲ.

ಆ ವರ್ಷ ಬಾಳಾಸಾಬ ನಿಪ್ಪಾಣಿಯಿಂದ ಜರಿ ಪಟಗಾ ತಂದಿದ್ದ. ಸ್ಟೇಜು ಹತ್ತುವುದು ತಡವಾಗಿ, ಅವನು ಹೋಗುವಷ್ಟರಲ್ಲಿ ವಜ್ರಶೇಖರ ಸತ್ತಿದ್ದ. ಅದೂ ಎಂಥ ಸಾವು! ಮುಂದಿನ ಸಾಲಿನ ಹೆಣ್ಣುಮಕ್ಕಳೆಲ್ಲ ಸೆರಗು ಬಾಯಿಗೆ ಹಿಡಿದು ಬಿಕ್ಕುತ್ತಿದ್ದರು. ಮೈಕು ಕೂಗಿತು: “ಚಿಂಚಲಿ ಬಾಳಾಸಾಬರಿಂದ ತಮ್ಮ ಅಳಿಯಂದಿರಾದ ವಜ್ರಶೇಖರ ಮಹಾರಾಜರಿಗೆ ಪ್ರೀತಿಯ ಆಯೇರ!” ಮಹಾರಾಜರು ಅಲುಗಲಿಲ್ಲ. ಇಷ್ಟು ಚಂದದ ಸಾವನ್ನು ಒಂದು ಪಟಗಕ್ಕೆ ಕೆಡಿಸಿಕೊಳ್ಳುವುದೇ? ಅದೂ ಬಾಗದ ತಲೆ ಎಂದು ಈಗಷ್ಟೇ ಸಾರಿ, ಈಗಲೇ ಬಾಗಿಸುವುದೇ? ಮೈಕು ಮತ್ತೊಮ್ಮೆ ಕೂಗಿತು. ವಿರುಪಾಕ್ಷಪ್ಪ ಒಂದು ಕಣ್ಣು ತೆರೆದು ಮಾವನನ್ನು ನೋಡಿದ, ಮುಚ್ಚಿಕೊಂಡ. ಆ ಕಣ್ಣನ್ನು ಬಾಳಾಸಾಬ ನೋಡಿಬಿಟ್ಟ.

ಅದೊಂದು ಕಣ್ಣು ತೆರೆಯದಿದ್ದರೆ ಎಲ್ಲ ಸರಿಹೋಗುತ್ತಿತ್ತು. ಅಳಿಯ ಪಾತ್ರದಲ್ಲಿ ಮುಳುಗಿದ್ದಾನೆ ಅಂದುಕೊಂಡು ಕೆಳಗಿಳಿಯಬಹುದಿತ್ತು. ಬಾಳಾಸಾಬ ಪಟಗಾ ಬಿಚ್ಚಿ ಹರವಿದ, ತಲೆಯಿಂದ ಕಾಲಿನವರೆಗೆ ಅಳಿಯನಿಗೆ ಹೆಣದ ಬಟ್ಟೆಯ ಹಾಗೆ ಹೊದಿಸಿದ, ಇಳಿದು ಬಂದು ಗಂಗವ್ವನನ್ನು ಎಬ್ಬಿಸಿ ಬೈಕಿನ ಹಿಂದೆ ಕೂರಿಸಿಕೊಂಡು ಚಿಂಚಲಿಗೆ ಹೋದ. ಜನ ಇದೂ ನಾಟಕದಲ್ಲೇ ಇದೆ ಎಂದು ಸೀಟಿ ಹೊಡೆದರು.

ಅಂದಿನಿಂದ ಎರಡು ಮನೆಗೂ ಹೋಗುಬರುವುದು ಬಂದಾಯಿತು. “ಜೀವಂತ ಇದ್ದವಗ ಹೆಣದ ಅರಿವಿ ಹೊಚ್ಯಾನ” ಎಂದು ಇವನು. “ನಾಕ ಮಂದಿ ಮುಂದ ಕಣ್ಣ ತಗದ ನನ್ನ ನೋಡಿ ಮುಚ್ಚ್ಯಾನ” ಎಂದು ಅವನು. ನೇರ ಜಗಳವಾಡುವ ಧೈರ್ಯ ಇಬ್ಬರಿಗೂ ಇಲ್ಲದ್ದಕ್ಕೆ, ಒಬ್ಬರು ಇನ್ನೊಬ್ಬರ ಪಾತ್ರವನ್ನು ಬೈಯುತ್ತ ತಿರುಗಿದರು. ರಾಯಬಾಗದ ಸಂತೆಯಲ್ಲಿ ವಿರುಪಾಕ್ಷಪ್ಪ ಹೇಳಿದ: “ಗುಮಾಸ್ತನ ಮಾತ ಕೇಳಿ ಹೆಂಡ್ತಿನ್ನ ಕಳಕೊಂಡವಗ ದುರಂತ ನಾಯಕ ಅನ್ನೂದಿಲ್ಲ, ದಡ್ಡ ಅಂತಾರ.” ಕಾಗವಾಡದ ಒಂದು ಮದುವೆಯ ಪಂಕ್ತಿಯಲ್ಲಿ ಬಾಳಾಸಾಬ ಉತ್ತರ ಕೊಟ್ಟ: “ಒಂದ ಸಲ ನಮಸ್ಕಾರ ಮಾಡಿದ್ರ ಊರ ಉಳೀತಿತ್ತು. ಅವಾ ರಾಜ ಅಲ್ಲ, ಹೇಸರಗತ್ತಿ.” ಮಾತು ಯಾರ ಕುರಿತು ಎಂದು ಊಟಕ್ಕೆ ಕೂತವರಿಗೆಲ್ಲ ಗೊತ್ತಿತ್ತು.

ಪೆಟ್ಟು ಬಿದ್ದದ್ದು ಗಂಗವ್ವನಿಗೆ. ಅವ್ವ ತೀರಿಕೊಂಡಾಗ ವಿರುಪಾಕ್ಷಪ್ಪ ಇನ್ನೂ ಅಂಬೆಗಾಲಿಡುತ್ತಿದ್ದ. ಅವನನ್ನು ಸೊಂಟದ ಮೇಲೆ ಹೊತ್ತು, ರೊಟ್ಟಿ ಹಾಲಲ್ಲಿ ನೆನೆಸಿ ತಿನ್ನಿಸಿ ಬೆಳೆಸಿದವಳು ಅವಳೇ. ನಾಲ್ಕು ನಾಗರಪಂಚಮಿ ಅವಳು ತವರಿಗೆ ಬರಲಿಲ್ಲ. ಅಕ್ಕನಿಲ್ಲದ ಹಬ್ಬ ವಿರುಪಾಕ್ಷಪ್ಪನಿಗೂ ರುಚಿಸುತ್ತಿರಲಿಲ್ಲ. ಉಂಡಿ ಕೈಯಲ್ಲಿ ಹಿಡಿದು ಒಮ್ಮೆ ಚಿಂಚಲಿಯ ದಾರಿಯ ಕಡೆ ನೋಡಿ, ರುಕ್ಮವ್ವ ನೋಡಿದಳೆಂದು ಗೊತ್ತಾದರೆ, ಬೆಲ್ಲ ಕಡಿಮೆಯಾಗಿದೆ ಎಂದು ಅವಳ ಮೇಲೆ ರೇಗುತ್ತಿದ್ದ.

ಹೀಗಿರುವಾಗ ಅವನ ಮಗಳು ರೂಪಾಲಿಯ ಮದುವೆ ನಿಪ್ಪಾಣಿಯ ಹುಡುಗನೊಂದಿಗೆ ಗೊತ್ತಾಯಿತು. ರೂಪಾಲಿ ಚಿಕ್ಕೋಡಿಯ ಒಂದು ಕಾಲೇಜಿನಲ್ಲಿ ಕನ್ನಡ ಕಲಿಸುತ್ತಾಳೆ. ಅರಿಷಿಣ ಹಚ್ಚುವಾಗ ಮೊದಲ ಕೈ ಸೋದರತ್ತೆಯದು, ಅದು ಅವರ ಮನೆಯ ಪದ್ಧತಿ. ಸೋದರತ್ತೆ ಬರಬೇಕಾದರೆ ಅಪ್ಪ ಹೋಗಿ ಕುಂಕುಮ ಹಚ್ಚಿ ಗಂಡ ಹೆಂಡತಿ ಇಬ್ಬರನ್ನೂ ಕರೆಯಬೇಕು.

“ಕರದೀನಲ್ಲ,” ಎಂದ ವಿರುಪಾಕ್ಷಪ್ಪ. “ವಾಟ್ಸಾಪಿನ್ಯಾಗ ಲಗ್ನಪತ್ರಿಕಿ ಕಳಿಸೇನಿ.”

ಅದನ್ನು ನೋಡಿದ ಬಾಳಾಸಾಬ ಓದುವ ಬದಲು ಫೋನನ್ನು ಮೂಗಿನ ಹತ್ತಿರ ತಂದುಕೊಂಡು ಪರೀಕ್ಷಿಸಿದನಂತೆ: ಇದು ನನಗೇ ಕಳಿಸಿದ್ದೋ, ಯಾರಿಗೋ ಬಂದದ್ದನ್ನು ಫಾರ್ವರ್ಡ್ ಮಾಡಿದ್ದೋ? ಫಾರ್ವರ್ಡೇ ಆಗಿತ್ತು. ಅಲ್ಲಿಗೆ ಮುಗಿಯಿತು.

“ಅತ್ತಿ ಬರಲಿಲ್ಲಂದ್ರ ನಾ ಅರಿಷಿಣ ಹಚ್ಚಿಸ್ಕೊಳ್ಳಾಂಗಿಲ್ಲ,” ಎಂದಳು ರೂಪಾಲಿ. “ಅರಿಷಿಣ ಇಲ್ಲಂದ್ರ ಅಕ್ಷತಿನೂ ಇಲ್ಲ. ನಿಪ್ಪಾಣಿಯವರಿಗೆ ನೀವಽ ಹೇಳ್ರಿ, ನಮ್ಮ ರಾಜಾ ಇನ್ನೂ ಸತ್ತ ಬಿದ್ದಾನ, ಎದ್ದಿಲ್ಲಂತ.”

ವಿರುಪಾಕ್ಷಪ್ಪನಿಗೆ ಮೊದಲ ಸಲ ಹೆದರಿಕೆಯಾಯಿತು. ಮಗಳದು ತನ್ನದೇ ಹಟ, ಅದು ಅವನಿಗೆ ಚೆನ್ನಾಗಿ ಗೊತ್ತು. ಆದರೂ ಚಿಂಚಲಿಯ ಬಾಗಿಲಿಗೆ ಹೋಗಿ ನಿಲ್ಲುವುದನ್ನು ನೆನೆದರೆ ಕುತ್ತಿಗೆ ಗಟ್ಟಿಯಾಗಿಬಿಡುತ್ತಿತ್ತು.

ರೂಪಾಲಿ ಇನ್ನೊಂದು ದಾರಿ ಹಿಡಿದಳು. ಅವಳ ವಿದ್ಯಾರ್ಥಿಗಳಿಗೆ ನಾಟಕದ ಪಾಠ ನಡೆದಿತ್ತು. ದುರಂತ ನಾಯಕರನ್ನು ಅಕ್ಕಪಕ್ಕ ನಿಲ್ಲಿಸಿ ಹೋಲಿಸುವ ಭಾಗ. “ಅಪ್ಪಾ, ನಮ್ಮ ಕಾಲೇಜಿಗೆ ಬಂದು ಒಂದ ಸೀನ ಮಾಡಿ ತೋರಸ್ರಿ. ಶಾಲ ಹೊಚ್ಚಿ ಸತ್ಕಾರ ಮಾಡ್ತೀವಿ. ಮಾವಾನೂ ಬರ್ತಾರ, ಮುಚ್ಚಿಡೂದೇನೈತಿ.”

“ಅವಾ ಬರ್ತಾನಂದ್ರ ನಾ ಬರೂದಿಲ್ಲ.”

“ಬ್ಯಾಡ. ಅವರೊಬ್ಬರಽ ಮಾಡ್ತಾರ. ಜಗತ್ತಿನ್ಯಾಗ ಹುಲಿಗೆಪ್ಪಗೌಡ ಒಬ್ಬನಽ ದುರಂತ ನಾಯಕ ಅಂತ ಹುಡುಗೂರು ಬರ್ಕೊಳ್ಳಲಿ.”

ಕಿರೀಟಕ್ಕೆ ಬೇಗಡೆ ಹಚ್ಚುವ ಕೆಲಸ ಅಂದೇ ಸಂಜೆ ಶುರುವಾಯಿತು.

ಕಾಲೇಜಿನ ಸಭಾಭವನದಲ್ಲಿ ಮಧ್ಯಾಹ್ನ ಹುಡುಗ ಹುಡುಗಿಯರು ಕಿಕ್ಕಿರಿದಿದ್ದರು. ಬಾಳಾಸಾಬ ಗೌಡನ ಕೋಟು ತೊಟ್ಟು, ತನ್ನ ನಿಜವಾದ ಮೀಸೆಯ ಮೇಲೆ ಇನ್ನೊಂದು ಸುಳ್ಳು ಮೀಸೆ ಅಂಟಿಸಿಕೊಂಡು ಬಂದಿದ್ದ. ಇದ್ದ ಮೀಸೆಯ ಮೇಲೂ ನಂಬಿಕೆ ಸಾಲದು. ಅವನ ಹಿಂದೆ ಗಂಗವ್ವ ಬಂದು ಕೊನೆಯ ಬೆಂಚಿನ ತುದಿಯಲ್ಲಿ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಳು. ವಿರುಪಾಕ್ಷಪ್ಪ ಪರದೆಯ ಸಂದಿಯಿಂದ ಅವಳನ್ನು ಕಂಡ. ಅಕ್ಕ ಸೊರಗಿದ್ದಳು, ತಲೆ ಪೂರ್ತಿ ನರೆತಿತ್ತು. ಓಡಿಹೋಗಿ ಮಾತಾಡಿಸಬೇಕೆನಿಸಿತು. ಆದರೆ ತಲೆಯ ಮೇಲೆ ಕಿರೀಟ, ಸೊಂಟದಲ್ಲಿ ಕತ್ತಿ. ಈ ವೇಷದಲ್ಲಿ ಹೇಗೆ ಹೋಗುವುದು ಎಂದು ತನಗೆ ತಾನೇ ನೆಪ ಹೇಳಿಕೊಂಡ.

ಇಬ್ಬರೂ ತಮ್ಮ ತಮ್ಮ ಸಾವು ಸತ್ತರು. ಒಬ್ಬನ ಸಾವಿಗೆ ಬಿದ್ದ ಚಪ್ಪಾಳೆ ಕೇಳಿ ಇನ್ನೊಬ್ಬ ತನ್ನ ಸಾವನ್ನು ಇನ್ನಷ್ಟು ಎಳೆದ. ಕಾಲೇಜಿನ ಗಂಟೆ ಹೊಡೆದರೂ ಹುಲಿಗೆಪ್ಪಗೌಡ ಮುಳುಗಿ ಮುಗಿದಿರಲಿಲ್ಲ. ಕೊನೆಗೆ ರೂಪಾಲಿ ಇಬ್ಬರನ್ನೂ ಅಕ್ಕಪಕ್ಕದ ಕುರ್ಚಿಯಲ್ಲಿ ಕೂರಿಸಿ, ಬೋರ್ಡಿನ ಮುಂದೆ ನಿಂತಳು.

“ದುರಂತ ನಾಯಕ ಅಂದರೆ ಕೆಟ್ಟವನಲ್ಲ. ಅವನದೇ ಒಂದು ದೊಡ್ಡ ಗುಣ ಅವನನ್ನು ಕೆಡಿಸುತ್ತದೆ,” ಎಂದಳು. ಪಾಠ ಹೇಳುವಾಗ ಅವಳದು ಪುಸ್ತಕದ ಕನ್ನಡ. “ವಜ್ರಶೇಖರನಿಗೆ ತನ್ನ ಮೇಲೆ ಎಳ್ಳಷ್ಟೂ ಅನುಮಾನವಿಲ್ಲ. ಹುಲಿಗೆಪ್ಪಗೌಡನಿಗೆ ಅನುಮಾನವಿಲ್ಲದ ವಸ್ತುವೇ ಇಲ್ಲ. ಒಬ್ಬನನ್ನು ಇನ್ನೊಬ್ಬನ ಪಕ್ಕ ನಿಲ್ಲಿಸಿದರೆ ಇಬ್ಬರ ಮುಖವೂ ಸ್ಪಷ್ಟವಾಗಿ ಕಾಣುತ್ತದೆ. ಈಗ ಹೇಳಿ, ಇವರನ್ನು ಅದಲು ಬದಲು ಮಾಡಿದರೆ ಏನಾಗುತ್ತದೆ? ವಜ್ರಶೇಖರನನ್ನು ಗೌಡನ ಮನೆಯಲ್ಲಿ ಇಡಿ.”

ಸುರಜ ಎಂಬ ಹುಡುಗ ಎದ್ದ. “ಮ್ಯಾಡಮ್, ನಾಟಕ ಐದ ಮಿನಿಟಿನ್ಯಾಗ ಖಲಾಸ. ಗುಮಾಸ್ತ ಬಂದು ‘ನಿನ್ನ ಹೆಂಡ್ತಿ ಬ್ಯಾರೆಯವನ್ನ ನೋಡಾಕತ್ತಾಳ’ ಅಂತಾನ. ರಾಜಾ ‘ನನ್ನ ಬಿಟ್ಟ? ನನ್ನಂಥಾವನ್ನ ಬಿಟ್ಟ?’ ಅಂತ ನಕ್ಕೋಂತ ಊಟಕ್ಕ ಹೊಕ್ಕಾನ. ಅಂವಗ ಅನುಮಾನ ಬರೂವಷ್ಟು ಜಾಗಾನಽ ಇಲ್ರಿ ತಲ್ಯಾಗ.”

ಭವನ ಬಿದ್ದು ಬಿದ್ದು ನಕ್ಕಿತು. ಬಾಳಾಸಾಬ ಎಲ್ಲರಿಗಿಂತ ಜೋರಾಗಿ ನಕ್ಕ.

“ಇನ್ನ ಗೌಡನ್ನ ರಾಜನ ಜಾಗಾದಾಗ ಇಡ್ರಿ,” ಎಂದು ನೀಲಮ ಎಂಬ ಹುಡುಗಿ ಶುರುಮಾಡಿದಳು. “ಶತ್ರು ‘ತಲಿ ಬಾಗಸು, ಎಲ್ಲಾ ವಾಪಸ್ ಕೊಡ್ತೀನಿ’ ಅಂದ ಕೂಡ್ಲೇ ಗೌಡಗ ಸಂಶಯ. ಇಂವಾ ಯಾಕ ಇಷ್ಟ ಸ್ವಸ್ತಾದಾಗ ಕೊಡಾಕತ್ತಾನ ಅಂತ ನಾಕ ಮಂದಿನ್ನ ಕೇಳ್ತಾನ, ಹಿತ್ತಲ ಬಾಗಿಲಿಂದ ಹೆಂಡ್ತಿ ಮಕ್ಕಳನ್ನ ಸಾಗಸ್ತಾನ, ತಲಿ ಬಾಗಿಸಿದಂಗ ಮಾಡಿ ತಾನೂ ಓಡ್ತಾನ. ಒಬ್ರೂ ಸಾಯೂದಿಲ್ರಿ.”

ಈಗ ನಗುವ ಸರದಿ ವಿರುಪಾಕ್ಷಪ್ಪನದು. ಆದರೆ ನಗು ಅರ್ಧಕ್ಕೆ ನಿಂತಿತು. ಇಷ್ಟು ವರ್ಷ ತಾನು ಸತ್ತದ್ದು ಧರ್ಮಕ್ಕೆ, ಮಾನಕ್ಕೆ ಎಂದು ತಿಳಿದಿದ್ದ. ಈ ಪೋರರ ಲೆಕ್ಕದಲ್ಲಿ ಅದು ತಪ್ಪು ಮನುಷ್ಯ ತಪ್ಪು ನಾಟಕ ಹೊಕ್ಕ ಕತೆಯಾಯಿತು. “ಹಂಗಾದ್ರ ನಾಟಕ ಎಲ್ಲಿ ಉಳೀತು?” ಎಂದು ಗೊಣಗಿದ.

“ಉಳಿಯೂದಿಲ್ಲ ಅಪ್ಪಾ. ಮನಿ ಉಳೀತೈತಿ,” ಎಂದಳು ರೂಪಾಲಿ. “ಬೇಕಾದ್ರ ಮಾಡಿ ನೋಡೂಣು. ನೀವು ಗೌಡರ ಮನ್ಯಾಗ ಕುಂಡ್ರಿ. ಮಾವಾ, ನೀವು ಗುಮಾಸ್ತ ಆಗ್ರಿ.”

ಬಾಳಾಸಾಬನ ಪಾರ್ಟನ್ನು ಬಾಳಾಸಾಬನ ಎದುರಿಗೇ ಅವನಿಗಿಂತ ಚೆನ್ನಾಗಿ ಮಾಡುವ ಅವಕಾಶ! ವಿರುಪಾಕ್ಷಪ್ಪ ಕಾಲ ಮೇಲೆ ಕಾಲು ಹಾಕಿ ಕೂತ. ಬಾಳಾಸಾಬ ಬಾಗಿ ನಡೆಯುತ್ತ ಬಂದು ಅವನ ಕಿವಿಗೆ ಬಾಯಿ ಇಟ್ಟ. ನಾಲ್ಕು ವರ್ಷದಲ್ಲಿ ಅವರಿಬ್ಬರು ಇಷ್ಟು ಹತ್ತಿರ ಬಂದಿರಲಿಲ್ಲ. ಮಾವನ ಬಾಯಿಂದ ಅದೇ ಹಳೆಯ ತಂಬಾಕಿನ ವಾಸನೆ ಬಂತು.

“ಗೌಡ್ರ, ಹೇಳಾಕ ನಾಲಿಗಿ ಬರವಲ್ದು. ನಿಮ್ಮ ಮನಿ ಹೆಣ್ಣಮಗಳು ನಿಮ್ಮನ್ನ ಮರತಾಳ್ರಿ.”

ವಿರುಪಾಕ್ಷಪ್ಪ ವಜ್ರಶೇಖರನ ನಗೆ ನಕ್ಕ, ಮಾಳಿಗೆ ಅದುರುವ ಹಾಗೆ. “ಹುಚ್ಚಾ! ನಮ್ಮ ಮನಿ ಹೆಣ್ಣಮಗಳು ನನ್ನ ಮರೀತಾಳ? ನಿನ್ನ ಮಾತ್ಯಾಕ ಕೇಳ್ಲಿ ನಾ? ಕರಿ ಅಕಿನ್ನ. ಅಕಿನ್ನಽ ಕೇಳ್ತೀನಿ!” ಎಂದು ಸ್ಟೇಜಿನ ರೂಢಿಯಂತೆ ಕೈ ಚಾಚಿ ದೂರಕ್ಕೆ ತೋರಿಸಿದ. ಹುಡುಗರು ಚಪ್ಪಾಳೆ ಹೊಡೆದರು. ನಾಟಕ ಖಲಾಸ್, ಎಲ್ಲರೂ ಬದುಕಿದರು.

ಕೊನೆಯ ಬೆಂಚಿನಿಂದ ಗಂಗವ್ವ ಎದ್ದು ನಿಂತಳು.

“ಕೇಳು,” ಎಂದಳು.

ಚಪ್ಪಾಳೆ ಅಲ್ಲೊಂದು ಇಲ್ಲೊಂದು ಆಗಿ ನಿಂತಿತು.

“ಕೇಳ್ತೀನಿ ಅಂದೆಲ್ಲೋ ವಿರುಪ್ಯಾ, ಕೇಳು. ನಾಕ ವರ್ಷ ಆತು. ನೀ ಅವರಿಗೆ ದಡ್ಡ ಅಂದಿ, ಅವರು ನಿನಗ ಹೇಸರಗತ್ತಿ ಅಂದ್ರು. ಸಂತ್ಯಾಗ ಅಂದ್ರಿ, ಪಂಕ್ತ್ಯಾಗ ಅಂದ್ರಿ. ಅಕ್ಕಾ ನೀ ಹೆಂಗದಿ ಅಂತ ಒಬ್ಬಾವರ ಕೇಳೀರಿ? ಪಂಚಮಿ ಬಂತಂದ್ರ ನಿನಗಂತ ಉಂಡಿ ಕಟ್ಟೀನಿ. ಯಾರೂ ಕರ್ಯಾಕ ಬರಲಿಲ್ಲ. ಕಟ್ಟಿದ್ದ ಉಂಡಿ ಎಮ್ಮಿಗೆ ಹಾಕೀನಿ. ನಾಕ ಪಂಚಮಿ ಎಮ್ಮಿ ಉಂಡೈತಿ ನನ್ನ ತವರ ಮನಿ ಉಂಡಿ.”

ಬಾಳಾಸಾಬ ಏನೋ ಹೇಳಲು ಬಾಯಿ ತೆರೆದ.

“ನೀವು ಸುಮ್ಮಕಿರ್ರಿ,” ಎಂದು ಅವಳು ಗಂಡನ ಕಡೆ ತಿರುಗಿದಳು. “ಮೀಸಿ ಮ್ಯಾಲ ಮೀಸಿ ಹಚ್ಕೊಂಡ ನಿಂತೀರಿ. ಅವಾ ಕಣ್ಣ ತಗದ ನೋಡಿದಾ ಅಂತ ಇವತ್ತಿಗೂ ಉರೀತೀರಿ. ನಾ ನಾಕ ವರ್ಷ ಕಣ್ಣೀರ ಹಾಕಿದ್ದು ನಿಮಗ ಕಾಣಲಿಲ್ಲ. ನಿಮ್ಮ ನಾಟಕದಾಗ ಹೆಂಡ್ತಿ ಸತ್ತ ಮ್ಯಾಲ ಅಳ್ತೀರಿ, ಊರ ಮಂದಿನ್ನೂ ಅಳಸ್ತೀರಿ. ಇದ್ದಾಗ ಒಂದ ಮಾತ ಕೇಳಾಕ ಏನ ಧಾಡಿ ನಿಮಗ?”

ವಿರುಪಾಕ್ಷಪ್ಪ ಎದ್ದ. ಇಂಥ ಘಟ್ಟದಲ್ಲಿ ವಜ್ರಶೇಖರನಿಗೆ ಎರಡು ಪುಟದ ಮಾತಿದೆ. ಬಾಯಿ ತೆರೆದರೆ “ಈ ತಲೆ” ಎಂದು ಬಂತು, ಅಷ್ಟಕ್ಕೇ ನುಂಗಿಕೊಂಡ. ಅಕ್ಕನಿಗೆ ಹೇಳುವಂಥ ಒಂದು ಮಾತೂ ಆ ನಾಟಕದಲ್ಲಿ ಇರಲಿಲ್ಲ. ಅದನ್ನು ಬರೆದ ಪುಣ್ಯಾತ್ಮ ರಾಜನಿಗೆ ಅಕ್ಕನನ್ನೇ ಕೊಟ್ಟಿರಲಿಲ್ಲ. ಸ್ಟೇಜು ಇಳಿದು ಬೆಂಚುಗಳ ನಡುವೆ ಹೋದ. ಹುಡುಗರು ಕಾಲು ಒಳಗೆಳೆದುಕೊಂಡು ದಾರಿ ಬಿಟ್ಟರು. ಅಕ್ಕನ ಎದುರು ಹೋಗಿ ನಿಂತ. ಮಾಳಿಗೆ ಅದುರಿಸುವ ದನಿ ಎಲ್ಲಿ ಹೋಯಿತೋ.

“ಅಕ್ಕಾ,” ಎಂದ, “ರೂಪಾನ ಮದವಿಗೆ ಬಾ.”

“ಇಷ್ಟಽ ಏನು?”

“ಇಷ್ಟಽ.”

“ಇಷ್ಟ ಸಣ್ಣ ಮಾತಿಗೆ ನಾಕ ವರ್ಷ ತಗೊಂಡ್ಯಲ್ಲೋ ಖೋಡಿ,” ಎಂದವಳೇ ಗಂಗವ್ವ ಅವನ ಭುಜ ಹಿಡಿದುಕೊಂಡು ಅತ್ತಳು. ಅವನೂ ಅತ್ತ. ಸ್ಟೇಜಿನ ಮೇಲೆ ಅವನ ಅಳು ಬಹಳ ಚೆಂದ; ಇಲ್ಲಿ ಮೂಗು ಸೋರಿ, ಮುಖದ ಬಣ್ಣ ಇಳಿದು, ನೋಡುವ ಹಾಗಿರಲಿಲ್ಲ.

ಅಳು ಒಂದು ಹದಕ್ಕೆ ಬಂದ ಮೇಲೆ ಅವಳು ಮೂಗು ಒರೆಸಿಕೊಂಡು, “ನಿನ್ನ ಮಾವಗೂ ಕರಿ,” ಎಂದಳು.

ವಿರುಪಾಕ್ಷಪ್ಪ ತಿರುಗಿದ. ಬಾಳಾಸಾಬ ಸ್ಟೇಜಿನ ಮೇಲೆ ಒಬ್ಬನೇ ನಿಂತಿದ್ದ.

“ಮಾವಾ, ನೀವೂ ಬರ್ರಿ ಮದವಿಗೆ.”

ಬಾಳಾಸಾಬ ಕಣ್ಣು ಕಿರಿದು ಮಾಡಿ ನೋಡಿದ. ಇಡೀ ಭವನಕ್ಕೆ ಗೊತ್ತಾಯಿತು, ಈಗ ಪ್ರಶ್ನೆ ಬರುತ್ತದೆ ಎಂದು. “ಅಳಿಯಾ, ಅಕ್ಕ ಹೇಳ್ಯಾಳಂತ ಕರದ್ಯೋ, ಮನಸಿಂದ ಕರದ್ಯೋ?”

ರೂಪಾಲಿ ಕೈಯಲ್ಲಿದ್ದ ಸೀಮೆಸುಣ್ಣದ ಖಡು ಬಿಗಿಯಾಗಿ ಹಿಡಿದಳು. ಅಪ್ಪ ಈಗ ಮನಸಿಂದ ಎಂದರೆ ಮಾವ ನಂಬುವುದಿಲ್ಲ. ನಂಬದಿದ್ದರೆ ಅಪ್ಪನ ಎದೆ ಉಬ್ಬುತ್ತದೆ. ಮತ್ತೆ ನಾಲ್ಕು ವರ್ಷ. ಸುಳ್ಳು ಹೇಳಿ ಒಲಿಸಿಕೊಳ್ಳುವುದು ವಿರುಪಾಕ್ಷಪ್ಪನಿಗೆ ಆಗುವ ಕೆಲಸವಲ್ಲ, ಅದಕ್ಕೂ ಅವನಿಗೆ ಜಂಬ ಅಡ್ಡ ಬರುತ್ತದೆ.

“ಅಕ್ಕ ಹೇಳ್ಯಾಳಂತಽ ಕರದೀನಿ,” ಎಂದ. “ಮನಸಿಂದ ಕರ್ಯಾಕ ನನಗ ಇನ್ನೂ ಸ್ವಲ್ಪ ದಿನಾ ಹಿಡೀತೈತಿ ಮಾವಾ. ನಿಮ್ಮ ಮ್ಯಾಲ ಸಿಟ್ಟ ಇನ್ನೂ ಹೋಗಿಲ್ಲ. ಅಲ್ಲೀತನಾ ಹಿಂಗಽ ಬರ್ರಿ.”

ಬಾಳಾಸಾಬ ಆ ಮಾತನ್ನು ಅತ್ತಿಂದಿತ್ತ ತಿರುಗಿಸಿ ನೋಡಿದ. ಅದರಲ್ಲಿ ಸಕ್ಕರೆ ಇರಲಿಲ್ಲ, ನಯ ಇರಲಿಲ್ಲ, ಯಾರೂ ಯಾರಿಗೂ ಮೋಸ ಮಾಡಲು ಆಡುವಂಥ ಮಾತೇ ಅದಾಗಿರಲಿಲ್ಲ. ಹುಡುಕಿದರೂ ಅನುಮಾನಕ್ಕೆ ಎಡೆ ಸಿಗಲಿಲ್ಲ. ಜೀವಮಾನದಲ್ಲಿ ಮೊದಲ ಸಲ ಅವನು ಒಬ್ಬ ಮನುಷ್ಯನ ಮಾತನ್ನು ಆಡಿದ ಕೂಡಲೇ ನಂಬಿದ.

“ಇದು ಖರೇ ಐತಿ,” ಎಂದ. “ಬರ್ತೀನಿ. ನನಗೂ ಸಿಟ್ಟ ಹೋಗಿಲ್ಲ, ತಿಳ್ಕೊ.”

“ಇರ್ಲಿ ಬಿಡ್ರಿ.”

ಗಂಗವ್ವ ಆಗಲೇ ರೂಪಾಲಿಯ ಗಲ್ಲ ಸವರುತ್ತ ಮದುವೆಯ ಮಾತಿಗೆ ಇಳಿದಿದ್ದಳು. “ಅರಿಷಿಣ ನಾನಽ ಕುಟ್ಕೊಂಡ ಬರ್ತೀನಿ ಯವ್ವಾ. ನಿಮ್ಮವ್ವಗ ಹೇಳು, ಅಂಗಡಿ ಪುಡಿ ತರಬ್ಯಾಡಂತ.”